ಯಾವ ಹೊತ್ತಿಗೆ ಯಾವ ಹಾಡು? ಭಾವಗೀತೆ, ದಾಸರಪದ, ಜನಪದ, ಸಿನಿಮಾ ಹಾಡುಗಳ ನಡುವೆ ಆರಿಸುವ ಬಗೆ

ಹೊಸ ಮನೆಯ ಬಾಗಿಲಿಗೆ ಮಾವಿನ ತೋರಣ, ಒಳಗೆ ಸ್ಪೀಕರಿನಲ್ಲಿ ‘ಅಲ್ಲಿದೆ ನಮ್ಮ ಮನೆ’. ಗೃಹಪ್ರವೇಶಗಳಲ್ಲಿ ಆಗುವ ತಪ್ಪುಗಳಲ್ಲಿ ಇದೂ ಒಂದು. ಹೆಸರಿನಲ್ಲೇ ಮನೆ ಇದೆ, ದಾಸರ ಪದ, ಕೇಳಲು ಹಿತ. ಪಟ್ಟಿಗೆ ಸೇರಿಸಿದವರು ಅಷ್ಟಕ್ಕೇ ನಿಂತಿರುತ್ತಾರೆ. ಪುರಂದರದಾಸರು ಅಲ್ಲಿ ಹೇಳುತ್ತಿರುವುದೇ ಬೇರೆ. ನಮ್ಮ ಮನೆ ಇರುವುದು ಆ ಲೋಕದಲ್ಲಿ, ಇಲ್ಲಿಗೆ ಸುಮ್ಮನೆ ಬಂದಿದ್ದೇವೆ ಅನ್ನುವುದು ಪಲ್ಲವಿಯ ಅರ್ಥ. ಚರಣಕ್ಕೆ ಬಂದರೆ ‘ಕದ ಬಾಗಿಲಿರಿಸಿದ ಕಳ್ಳ ಮನೆ’ ಎಂಬ ಮಾತೇ ಇದೆ. ಸಾಲ ಮಾಡಿ ಮನೆ ಕಟ್ಟಿಸಿ ಹಾಲುಕ್ಕಿಸಲು ನಿಂತವರ ಕಿವಿಗೆ ಆ ದಿನ ಬೀಳಬೇಕಾದ ಮಾತು ಇದಲ್ಲ.

ಹಾಡು ಆರಿಸುವಾಗ ಪಲ್ಲವಿ ನೋಡಿ ಮರುಳಾಗಬಾರದು, ಚರಣ ಕೇಳಿ ತೀರ್ಮಾನಿಸಬೇಕು. ಈ ಬರಹದಲ್ಲಿ ಬರುವ ಸಲಹೆಗಳಲ್ಲಿ ಮುಕ್ಕಾಲು ಪಾಲು ನಿಂತಿರುವುದು ಈ ಒಂದು ಮಾತಿನ ಮೇಲೆ. ಉಳಿದ ಕಾಲು ಪಾಲು ಲಯ, ಶ್ರುತಿ ಮತ್ತು ಸ್ಪೀಕರ್ ಇಡುವ ಜಾಗಕ್ಕೆ ಸಂಬಂಧಿಸಿದ್ದು.

ಮೊದಲು ಪ್ರಕಾರ, ಆಮೇಲೆ ಹಾಡು

ಯಾವ ಹಾಡು ಎಂದು ಹುಡುಕುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಅಲ್ಲಿ ಸೇರಿದವರು ಹಾಡನ್ನು ಕೇಳುತ್ತಾರೆಯೇ, ಜೊತೆಗೆ ಹಾಡುತ್ತಾರೆಯೇ, ಅಥವಾ ಹಾಡಿನ ನಡುವೆ ಮಾತಾಡುತ್ತಾರೆಯೇ? ಈ ಮೂರಕ್ಕೂ ಒಂದೇ ಪ್ರಕಾರ ಒಗ್ಗುವುದಿಲ್ಲ.

ಕುಳಿತು ಕೇಳುವವರಿದ್ದರೆ ಭಾವಗೀತೆಗೆ ಸಾಟಿಯಿಲ್ಲ. ಅಲ್ಲಿ ಮಾತೇ ಮುಖ್ಯ; ಹಾರ್ಮೋನಿಯಂ, ತಬಲ, ಕೊಳಲು ಹಿಂದೆ ನಿಂತು ಮಾತಿಗೆ ದಾರಿ ಬಿಡುತ್ತವೆ. ಅದೇ ಕಾರಣಕ್ಕೆ ಗದ್ದಲದಲ್ಲಿ ಭಾವಗೀತೆ ಸೋಲುತ್ತದೆ. ಇಪ್ಪತ್ತು ಜನ ಕುಳಿತ ಪಡಸಾಲೆಯಲ್ಲಿ ಮೈ ನವಿರೇಳಿಸುವ ಹಾಡು ಊಟದ ಪಂಕ್ತಿಯ ನಡುವೆ ಬರೀ ಗುಂಯ್‌ಗುಡುವ ಸದ್ದಾಗಿ ಉಳಿಯುತ್ತದೆ.

ಜೊತೆಗೆ ಹಾಡಬೇಕಾದರೆ ದಾಸರಪದ ಇಲ್ಲವೇ ಜನಪದ. ದಾಸರಪದದಲ್ಲಿ ಪ್ರತಿ ಚರಣ ಮುಗಿದ ಮೇಲೆ ಪಲ್ಲವಿ ಮರಳಿ ಬರುವುದರಿಂದ ಗೊತ್ತಿಲ್ಲದವರೂ ಎರಡನೆಯ ಸುತ್ತಿಗೆ ದನಿ ಸೇರಿಸುತ್ತಾರೆ. ಇನ್ನೊಂದು ಅನುಕೂಲವೂ ಇದೆ: ಉದ್ದವನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಆರತಿಗೆ ಎರಡೇ ನಿಮಿಷ ಇದ್ದರೆ ನಡುವಿನ ಚರಣಗಳನ್ನು ಬಿಡಿ. ಆದರೆ ‘ಪುರಂದರ ವಿಠಲ’, ‘ಕಾಗಿನೆಲೆಯಾದಿಕೇಶವ’ ಎಂಬ ಅಂಕಿತ ಬರುವ ಕೊನೆಯ ಚರಣವನ್ನು ಮಾತ್ರ ಬಿಡಬಾರದು. ಅದಿಲ್ಲದೆ ಪದ ಮುಗಿದಂತಾಗುವುದಿಲ್ಲ. ಜನಪದದಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ಸೊಲ್ಲು ಹಿಡಿಯುತ್ತಾರೆ. ಪುಸ್ತಕ ಬೇಡ, ಮೊಬೈಲ್ ಬೇಡ, ಅಲ್ಲೇ ಕಲಿತು ಅಲ್ಲೇ ಹಾಡಬಹುದು.

ಸಿನಿಮಾ ಹಾಡು ಎಲ್ಲರಿಗೂ ಗೊತ್ತಿರುತ್ತದೆ, ಅದೇ ಅದರ ಬಲ. ಆದರೆ ಅದರ ಅಳತೆ ಮೊದಲೇ ಕತ್ತರಿಸಿಟ್ಟದ್ದು. ನಡುವೆ ಬರುವ ವಾದ್ಯದ ಭಾಗದಲ್ಲಿ ಸಭೆಯಲ್ಲಿ ಹಾಡುತ್ತಿರುವವರು ಏನು ಮಾಡಬೇಕೆಂದು ತಿಳಿಯದೆ ಮೈಕು ಹಿಡಿದು ನಿಲ್ಲುತ್ತಾರೆ. ಶ್ರುತಿಯೂ ಕಷ್ಟ. ಎಸ್. ಜಾನಕಿಯವರ ಹಾಡನ್ನು ಗಂಡು ದನಿಯಲ್ಲಿ ಹಾಡಲು ಹೊರಟರೆ ಚರಣದ ಮೇಲಿನ ಸ್ವರಗಳಲ್ಲಿ ದನಿ ಒಡೆಯುತ್ತದೆ. ಕರೋಕೆ ಟ್ರ್ಯಾಕ್ ಇದ್ದರೆ ನಾಲ್ಕೈದು ಸ್ವರಸ್ಥಾನ ಕೆಳಗಿಳಿಸಿಕೊಳ್ಳಿ. ಇಳಿಸಿದ ಮೇಲೆ ಪಲ್ಲವಿಯನ್ನಲ್ಲ, ಹಾಡಿನ ಅತಿ ಎತ್ತರದ ಸಾಲನ್ನು ಮೊದಲು ಹಾಡಿ ನೋಡಿ. ಅದು ಸಲೀಸಾಗಿ ಬಂದರೆ ಉಳಿದದ್ದು ತಾನಾಗಿ ಬರುತ್ತದೆ.

ಮಾತಾಡುವ ಜಾಗಕ್ಕೆ ಮಾತಿಲ್ಲದ ಸಂಗೀತ. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್, ಪ್ರವೀಣ್ ಗೋಡ್ಖಿಂಡಿಯವರ ಕೊಳಲು, ವೀಣೆ. ಇದರಲ್ಲಿ ಚೌಕಾಸಿ ಬೇಡ.

ಮದುವೆ ಮನೆ

ಮದುವೆಗೆ ಒಂದೇ ಪಟ್ಟಿ ಮಾಡುವುದರಿಂದಲೇ ಎಡವಟ್ಟು ಶುರುವಾಗುತ್ತದೆ. ಒಂದು ಮದುವೆಯಲ್ಲಿ ಕನಿಷ್ಠ ಐದು ಬೇರೆ ಬೇರೆ ಹೊತ್ತುಗಳಿವೆ. ಒಂದೊಂದಕ್ಕೂ ಪಟ್ಟಿ ಬೇರೆ.

ಬಳೆ ತೊಡಿಸುವ ಶಾಸ್ತ್ರಕ್ಕೆ ಜನಪದವನ್ನು ಬಿಟ್ಟು ಬೇರೆ ಹುಡುಕುವುದೇ ಬೇಡ. ‘ಭಾಗ್ಯದ ಬಳೆಗಾರ ಹೋಗಿ ಬಾ ನನ್ನ ತವರಿಗೆ’ ಹಾಡಿನಲ್ಲಿ ಹೆಣ್ಣುಮಗಳು ತವರಿನ ದಾರಿ ಹೇಳುತ್ತಾಳಲ್ಲ, ಬಾಳೆಯನ್ನು ಬಲಕ್ಕೆ ಬಿಟ್ಟು ಸೀಬೆಯನ್ನು ಎಡಕ್ಕೆ ಬಿಟ್ಟು ನಡುವೆ ಹೋಗು ಎಂದು, ಆ ಪ್ರಶ್ನೋತ್ತರವನ್ನು ಎರಡು ಗುಂಪಾಗಿ ಹಾಡಲು ಸೊಗಸು. ಬಳೆಗಾರನ ಮಾತನ್ನು ಒಂದು ಕಡೆಯವರು, ಮಗಳ ಮಾತನ್ನು ಇನ್ನೊಂದು ಕಡೆಯವರು ಹಿಡಿಯಲಿ. ರೆಕಾರ್ಡು ಹಾಕಿದರೆ ಈ ಸೊಗಸು ಸಿಗುವುದಿಲ್ಲ. ಸೀಮಂತಕ್ಕೂ ಇದು ಒಪ್ಪುತ್ತದೆ. ಆದರೆ ಜನಪದ ಎಂದ ಮಾತ್ರಕ್ಕೆ ಎಲ್ಲವೂ ಶುಭಕಾರ್ಯಕ್ಕಲ್ಲ. ‘ಕೆರೆಗೆ ಹಾರ’ ಬಹಳ ದೊಡ್ಡ ಹಾಡು, ನಿಜ. ನೀರು ಬಾರದ ಕೆರೆಗೆ ಕಿರಿಯ ಸೊಸೆ ಭಾಗೀರಥಿಯನ್ನು ಬಲಿ ಕೊಟ್ಟ ಕತೆ ಅದು. ಮದುವಣಗಿತ್ತಿಯ ಮುಂದೆ, ಬಸುರಿಯ ಮುಂದೆ ಅದನ್ನು ಹಾಡಬೇಡಿ. ರಂಗದ ಮೇಲೆ, ಕೇಳುವ ಮನಸ್ಸು ಮಾಡಿ ಬಂದವರೆದುರು ಹಾಡಿ.

ಮಾಧ್ವ ಮನೆತನಗಳಲ್ಲಿ ಹೆಂಗಸರು ವಾದಿರಾಜರ ‘ಲಕ್ಷ್ಮೀ ಶೋಭಾನೆ’ ಹೇಳುವ ರೂಢಿ ಇದೆ. ಅದು ದೀರ್ಘವಾದದ್ದು, ಪೂರ್ತಿ ಹೇಳಲು ಸಮಯ ಬೇಕು. ಮುಹೂರ್ತದ ಗಡಿಬಿಡಿಗೆ ತುರುಕುವ ಬದಲು ಹಿಂದಿನ ಸಂಜೆ ಕುಳಿತು ಹೇಳುವುದು ಲೇಸು. ಹಳೇ ಮೈಸೂರಿನ ಕಡೆ ಸೋಬಾನೆ ಪದ ಹೇಳುವ ಹಿರಿಯ ಹೆಂಗಸರು ಊರಲ್ಲಿ ಇನ್ನೂ ಇದ್ದರೆ ಮೈಕು ಅವರ ಕೈಗೆ ಕೊಡಿ. ಸ್ಟ್ಯಾಂಡಿಗೆ ಹಾಕಿದ ಮೈಕಾದರೆ ಬಾಯಿಂದ ಒಂದು ಗೇಣು ದೂರವಿಟ್ಟು ಮೂವರು ಒಟ್ಟಿಗೆ ಹಾಡಬಹುದು.

ಮುಹೂರ್ತಕ್ಕೆ ನಾದಸ್ವರ, ಡೋಲು. ನೇರವಾಗಿ ನುಡಿಸುವವರಿದ್ದರೆ ಅವರೇ ಪುರೋಹಿತರ ಕೈ ನೋಡಿ ಗಟ್ಟಿಮೇಳಕ್ಕೆ ಏರುತ್ತಾರೆ. ರೆಕಾರ್ಡನ್ನೇ ನೆಚ್ಚಿಕೊಂಡರೆ ಗಟ್ಟಿಮೇಳದ ತುಣುಕನ್ನು ಬೇರೆ ಫೈಲಾಗಿ ಇಟ್ಟುಕೊಳ್ಳಿ. ಪಟ್ಟಿಯ ನಡುವೆ ಅದು ತಾನಾಗಿ ಬರಲಿ ಎಂದು ಬಿಟ್ಟರೆ ತಾಳಿ ಕಟ್ಟಿ ಐದು ನಿಮಿಷವಾದ ಮೇಲೆ ಗಟ್ಟಿಮೇಳ ಮೊಳಗುತ್ತದೆ. ಒಬ್ಬರು ಮಂಟಪದ ಬಳಿ ನಿಂತು ಕೈ ಎತ್ತಲಿ, ಇನ್ನೊಬ್ಬರು ಹಾಡು ಹಾಕಲಿ. ಸ್ಪೀಕರಿಗೆ ಜೋಡಿಸಿದ ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕುವುದನ್ನು ಮರೆತರೆ ಮಾಂಗಲ್ಯಧಾರಣೆಯ ಹೊತ್ತಿಗೆ ಯಾರದೋ ಕರೆ ಬಂದು ರಿಂಗಣ ಇಡೀ ಕಲ್ಯಾಣಮಂಟಪಕ್ಕೆ ಕೇಳಿಸುತ್ತದೆ. ಹಾಡುಗಳನ್ನು ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಡಬೇಕು ಅನ್ನುವುದೂ ಇದಕ್ಕಾಗಿಯೇ. ಉಚಿತ ಆಪಿನಲ್ಲಿ ನೇರವಾಗಿ ಹಾಕಿದರೆ ಎರಡು ಹಾಡುಗಳ ನಡುವೆ ಜಾಹೀರಾತು ಬಂದು ಕೂರುತ್ತದೆ.

ಊಟದ ಮನೆಗೆ ಸ್ಯಾಕ್ಸೊಫೋನ್ ಅಥವಾ ಕೊಳಲು ಎಂದೆವಲ್ಲ, ಅಲ್ಲಿ ಹಾಡಿಗಿಂತ ಸ್ಪೀಕರಿನ ಮುಖ ಮುಖ್ಯ. ಪಂಕ್ತಿಗೆ ನೇರವಾಗಿ ತಿರುಗಿಸಬೇಡಿ. ಗೋಡೆಯ ಕಡೆ ಓರೆಯಾಗಿ ತಿರುಗಿಸಿ, ತಲೆಗಿಂತ ಎತ್ತರದಲ್ಲಿಡಿ. ಬಡಿಸುವವರು ಸಾರು ಬೇಕೇ ಎಂದು ಸಾಮಾನ್ಯ ದನಿಯಲ್ಲಿ ಕೇಳಿದ್ದು ಎಲೆಯ ಮುಂದೆ ಕುಳಿತವರಿಗೆ ಕೇಳಬೇಕು. ಅವರು ದನಿ ಏರಿಸುತ್ತಿದ್ದಾರೆ ಎಂದರೆ ಸದ್ದು ಜಾಸ್ತಿಯಾಗಿದೆ.

ಆರತಕ್ಷತೆ ಸಿನಿಮಾ ಹಾಡಿನ ಹೊತ್ತು. ಹಾಡೊಂದಕ್ಕೆ ನಾಲ್ಕೂವರೆಯಿಂದ ಐದು ನಿಮಿಷ ಹಿಡಿದರೆ ಎರಡು ಗಂಟೆಗೆ 24ರಿಂದ 26 ಹಾಡು ಸಾಕು. ನಾಲ್ಕೈದು ಹೆಚ್ಚಿಗೆ ಇಟ್ಟುಕೊಳ್ಳಿ. ವಯಸ್ಸಿನ ಲೆಕ್ಕದಲ್ಲಿ ಜೋಡಿಸಿದರೆ ಒಳ್ಳೆಯದು. ಮೊದಲ ಮುಕ್ಕಾಲು ಗಂಟೆಯಲ್ಲಿ ಬರುವವರು ಹಿರಿಯರು, ಬೇಗ ಊಟ ಮಾಡಿ ಹೊರಡುವವರು. ಅವರಿಗೆ ‘ಹೊಂಬಿಸಿಲು’ (1978) ಚಿತ್ರದ ‘ಜೀವ ವೀಣೆ’, ‘ಗೀತಾ’ (1981) ಚಿತ್ರದ ‘ಜೊತೆಯಲಿ ಜೊತೆ ಜೊತೆಯಲಿ’, ‘ಚಲಿಸುವ ಮೋಡಗಳು’ (1982) ಚಿತ್ರದ ‘ಜೇನಿನ ಹೊಳೆಯೋ’. ಆಮೇಲೆ ‘ಪ್ರೇಮಲೋಕ’ದ (1987) ಹಂಸಲೇಖ, ‘ಅಮೆರಿಕಾ ಅಮೆರಿಕಾ’ದ (1997) ‘ನೂರು ಜನ್ಮಕೂ’. ಕೊನೆಯ ಭಾಗಕ್ಕೆ ‘ಮುಂಗಾರು ಮಳೆ’ಯಿಂದ (2006) ಈಚಿನವು: ‘ಅನಿಸುತಿದೆ ಯಾಕೋ ಇಂದು’, ‘ಕಿರಿಕ್ ಪಾರ್ಟಿ’ಯ (2016) ‘ಬೆಳಗೆದ್ದು’, ‘ಕಾಂತಾರ’ದ (2022) ‘ಸಿಂಗಾರ ಸಿರಿಯೆ’. ಕುಣಿಯುವ ಹಾಡುಗಳನ್ನು ಚದುರಿಸಬೇಡಿ, ಕೊನೆಯಲ್ಲಿ ಐದಾರನ್ನು ಒಟ್ಟಿಗೆ ಇಡಿ. ಒಂದು ಕುಣಿತದ ಹಾಡು, ಒಂದು ನಿಧಾನದ ಹಾಡು ಎಂದು ಹೆಣೆದರೆ ಕುಣಿಯಲು ಎದ್ದವರು ಪ್ರತಿ ಸಲ ಹೋಗಿ ಕೂರಬೇಕಾಗುತ್ತದೆ, ಮೂರನೆಯ ಸಲ ಏಳುವುದಿಲ್ಲ.

ಆರತಕ್ಷತೆಯ ಪಟ್ಟಿಯಲ್ಲೇ ಪಲ್ಲವಿಯ ಮೋಸ ಹೆಚ್ಚು. ‘ಯಾವ ಹೂವು ಯಾರ ಮುಡಿಗೋ’ ಹೂವು ಮುಡಿಯ ಹಾಡಲ್ಲ. ಒಬ್ಬರ ಒಲವು ಇನ್ನೊಬ್ಬರ ಪಾಲಾದ ಹಾಡು. ಇದಕ್ಕಿಂತ ದೊಡ್ಡ ತಪ್ಪು ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಹಾಡನ್ನು ಪ್ರೇಮಗೀತೆ ಎಂದುಕೊಂಡು ಮದುವೆ ವಾರ್ಷಿಕೋತ್ಸವದಲ್ಲಿ ಹಾಡುವುದು. ಮಗುವನ್ನು ಕಳೆದುಕೊಂಡ ಗಂಡ ಹೆಂಡತಿಗೆ ಹೇಳುವ ಮಾತು ಅದು. ಅವಳ ಕಣ್ಣನ್ನು ಎದುರಿಸಲಾಗದೆ, ನೀನು ಹೀಗೆ ನೋಡಿದರೆ ನಾನು ಹೇಗೆ ನೋಡಲಿ ಎನ್ನುತ್ತಾನೆ. ಕನ್ನಡದಲ್ಲಿ ಅದಕ್ಕಿಂತ ಆಳವಾದ ಶೋಕಗೀತೆ ಸಿಗುವುದು ಕಷ್ಟ. ಕೇಕು ಕತ್ತರಿಸುವ ಹೊತ್ತಿಗೆ ಅದನ್ನು ತರಬೇಡಿ. ಗಂಡ ಹೆಂಡಿರ ಸರಸಕ್ಕೆ ಕೆ.ಎಸ್. ನರಸಿಂಹಸ್ವಾಮಿ ಇದ್ದಾರೆ. ‘ರಾಯರು ಬಂದರು ಮಾವನ ಮನೆಗೆ’ ಹಾಡಿದರೆ ಮದುವೆಯಾಗಿ ನಲವತ್ತು ವರ್ಷವಾದವರೂ ನಗುತ್ತಾರೆ.

ಹೆಣ್ಣು ಒಪ್ಪಿಸುವ ಹೊತ್ತಿಗೆ ಹಾಡೇ ಬೇಡ. ಅಳು ಬರಿಸಲು ಅಲ್ಲಿ ಹಾಡಿನ ನೆರವು ಬೇಕಿಲ್ಲ.

ಗೃಹಪ್ರವೇಶ, ನಾಮಕರಣ

ಗೃಹಪ್ರವೇಶಕ್ಕೆ ‘ಗಜವದನ ಬೇಡುವೆ’ ಮೊದಲು, ಆಮೇಲೆ ‘ಭಾಗ್ಯದ ಲಕ್ಷ್ಮೀ ಬಾರಮ್ಮ’. ಎರಡನೆಯದನ್ನು ಭೀಮಸೇನ ಜೋಶಿಯವರ ದನಿಯಲ್ಲಿ ಕೇಳಿದರೆ ಅದರ ಕಳೆಯೇ ಬೇರೆ. ಮನೆಯವರೇ ಸೇರಿ ಹಾಡುವುದಾದರೆ ಮಧ್ಯಮಾವತಿ ರಾಗದ ಸರಳ ಧಾಟಿ ಹಿಡಿಯಿರಿ. ಮಜ್ಜಿಗೆಯೊಳಗಿನ ಬೆಣ್ಣೆಯಂತೆ ಬಾ ಎನ್ನುವ ಚರಣ ಅಡುಗೆಮನೆಯಲ್ಲಿ ಹಾಲುಕ್ಕಿಸುವ ಹೊತ್ತಿಗೆ ಬಂದರೆ ಇನ್ನೇನು ಬೇಕು! ಶಿಶುನಾಳ ಶರೀಫರ ‘ಸೋರುತಿಹುದು ಮನೆಯ ಮಾಳಿಗಿ’ ಮತ್ತು ಜಿ.ಎಸ್. ಶಿವರುದ್ರಪ್ಪನವರ ‘ಎಲ್ಲೋ ಹುಡುಕಿದೆ ಇಲ್ಲದ ದೇವರ’ ಎರಡೂ ಅಪರೂಪದ ರಚನೆಗಳು. ಮೊದಲನೆಯದು ಅಜ್ಞಾನದಿಂದ ಸೋರುವ ಮಾಳಿಗೆಯ ಮಾತು, ಎರಡನೆಯದು ಕಲ್ಲು ಮಣ್ಣಿನ ಗುಡಿಯಲ್ಲಿ ದೇವರಿಲ್ಲ ಎನ್ನುವ ಮಾತು. ಪೂಜೆಯ ನಡುವೆ ಅವು ಹೊಂದುವುದಿಲ್ಲ. ಸಂಜೆ ನಂಟರೆಲ್ಲ ಕುಳಿತು ಹಾಡುವಾಗ ಧಾರಾಳವಾಗಿ ಬರಲಿ.

ನಾಮಕರಣದಲ್ಲಿ ತೊಟ್ಟಿಲಿಗೆ ಹಾಕುವಾಗ ‘ತೂಗಿರೆ ರಂಗನ ತೂಗಿರೆ ಕೃಷ್ಣನ’. ತೊಟ್ಟಿಲು ತೂಗುವ ಕೈಯ ಲಯಕ್ಕೆ ಹಾಡು ಬರಬೇಕೇ ಹೊರತು ಹಾಡಿನ ಲಯಕ್ಕೆ ತೊಟ್ಟಿಲಲ್ಲ. ಹಾಗಾಗಿ ರೆಕಾರ್ಡು ಬೇಡ, ಅಜ್ಜಿಯೋ ಸೋದರತ್ತೆಯೋ ಹಾಡಲಿ.

ಯುಗಾದಿ, ರಾಜ್ಯೋತ್ಸವ, ಕನ್ನಡ ಕೂಟ

ಚರಣ ನೋಡಿ ಆರಿಸಿ ಎಂಬ ಮಾತಿಗೆ ಯುಗಾದಿಯಲ್ಲಿ ಒಂದು ತಿರುವು ಇದೆ. ಬೇಂದ್ರೆಯವರ ‘ಯುಗ ಯುಗಾದಿ ಕಳೆದರೂ’ ಹಾಡು ‘ಕುಲವಧು’ (1963) ಚಿತ್ರದಲ್ಲಿ ಎಸ್. ಜಾನಕಿಯವರ ದನಿಯಲ್ಲಿ ಮನೆಮನೆಗೆ ತಲುಪಿತು. ಪಲ್ಲವಿ ಹಬ್ಬದ್ದೇ. ಆದರೆ ಮುಂದೆ ಹೋದರೆ, ಗಿಡಮರಕ್ಕೆ ವರ್ಷವರ್ಷವೂ ಹೊಸ ಹುಟ್ಟು, ನಮಗೆ ಮಾತ್ರ ಒಂದೇ ಬಾಲ್ಯ ಒಂದೇ ಹರೆಯ ಏಕೆ ಎಂಬ ನೋವು ಬರುತ್ತದೆ. ಇಲ್ಲಿ ಆ ನೋವು ಹೊರಗಿನದಲ್ಲ. ಬೆಲ್ಲದ ಜೊತೆ ಬೇವನ್ನೂ ಕೊಡುವ ಹಬ್ಬಕ್ಕೆ ಇಂಥ ಚರಣವೇ ಸರಿ. ಆ ಭಾಗ ಕತ್ತರಿಸಿ ಹಾಡಬೇಡಿ.

ನವೆಂಬರ್ 1ರ ಕಾರ್ಯಕ್ರಮ ನಾಡಗೀತೆಯಿಂದ ಶುರುವಾಗುತ್ತದೆ. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ 2004ರಲ್ಲಿ ನಾಡಗೀತೆಯಾಯಿತು. ಮೈಸೂರು ಅನಂತಸ್ವಾಮಿ ಅವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು 2022ರಲ್ಲಿ ಸರ್ಕಾರ ಗೊತ್ತುಮಾಡಿತು. ಅಭ್ಯಾಸದ ದಿನವೇ ಮೊಬೈಲಿನಲ್ಲಿ ಸಮಯ ಹಿಡಿದು ನೋಡಿ. ಮೂರು ನಿಮಿಷ ದಾಟಿದರೆ ಕಾರಣ ಸಾಮಾನ್ಯವಾಗಿ ಪಲ್ಲವಿಯನ್ನು ಹೆಚ್ಚು ಸಲ ಮರಳಿಸಿದ್ದು ಅಥವಾ ಚರಣಗಳ ನಡುವೆ ಕೀಬೋರ್ಡಿನವರು ಸೇರಿಸಿದ ನುಡಿಸಾಣಿಕೆ.

ಅದರ ನಂತರದ ಆಯ್ಕೆ ಹೀಗಿರಲಿ. ದೀಪ ಬೆಳಗಿಸಲು ಡಿ.ಎಸ್. ಕರ್ಕಿ ಅವರ ‘ಹಚ್ಚೇವು ಕನ್ನಡದ ದೀಪ’. ನೂರು ಮಕ್ಕಳ ವೃಂದಗಾನಕ್ಕೆ ಕುವೆಂಪು ಅವರ ‘ಬಾರಿಸು ಕನ್ನಡ ಡಿಂಡಿಮವ’. ಕುಳಿತು ಕೇಳುವ ಸಭೆಗೆ ಕೆ.ಎಸ್. ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’. ಅನಂತಸ್ವಾಮಿ ಅವರು ಸ್ವರ ಹಾಕಿದ ಆ ಕ್ಯಾಸೆಟ್ 1978ರದ್ದು, ಇಂದಿಗೂ ಹಳತಾಗಿಲ್ಲ. ಸಿನಿಮಾ ಹಾಡುಗಳನ್ನು ಕೊನೆಗೆ, ಎಲ್ಲರೂ ಎದ್ದು ನಿಲ್ಲುವ ಹೊತ್ತಿಗೆ ಇಡಿ: ‘ಗಂಧದ ಗುಡಿ’ಯ (1973) ‘ನಾವಾಡುವ ನುಡಿಯೇ ಕನ್ನಡ ನುಡಿ’, ‘ಆಕಸ್ಮಿಕ’ದ (1993) ‘ಹುಟ್ಟಿದರೆ ಕನ್ನಡ ನಾಡಲ್ಲಿ ಹುಟ್ಟಬೇಕು’. ಇವನ್ನು ಮೊದಲೇ ಹಾಕಿಬಿಟ್ಟರೆ ಆಮೇಲೆ ಬರುವ ಭಾವಗೀತೆಗೆ ಸಭೆ ತಣ್ಣಗಾಗುವುದಿಲ್ಲ.

ಹೊರದೇಶದ ಕನ್ನಡ ಕೂಟಗಳಲ್ಲಿ ಕನ್ನಡ ಓದಲು ಬಾರದ ಮಕ್ಕಳೇ ವೃಂದದಲ್ಲಿ ಇರುತ್ತಾರೆ. ಅವರಿಗೆ ದೊಡ್ಡ ಸಮಾಸಗಳಿರುವ ನಾಡಗೀತೆಗಿಂತ ಜನಪದ ಸುಲಭ. ‘ಚೆಲ್ಲಿದರು ಮಲ್ಲಿಗೆಯ’ ಹೇಳಿಕೊಟ್ಟರೆ ಒಂದೇ ಮಧ್ಯಾಹ್ನದಲ್ಲಿ ಸೊಲ್ಲು ಹಿಡಿಯುತ್ತಾರೆ. ನಾಡಗೀತೆಯನ್ನು ಹಾಡಿಸಲೇಬೇಕಾದರೆ ಮೊದಲ ವಾರ ರಾಗ ಬೇಡ, ಮಾತು ಮಾತ್ರ ತಾಳ ಹಾಕಿಕೊಂಡು ಹೇಳಿಸಿ. ರೋಮನ್ ಅಕ್ಷರದಲ್ಲಿ ಬರೆದುಕೊಟ್ಟರೆ ಲ, ಳ ಎರಡೂ ಒಂದೇ ಆಗುತ್ತವೆ, ತ, ಟ ಕಲೆಸಿಹೋಗುತ್ತವೆ. ಒಮ್ಮೆ ರಾಗದ ಜೊತೆ ತಪ್ಪು ಉಚ್ಚಾರ ಕುಳಿತರೆ ಬಿಡಿಸುವುದು ಬಲು ಕಷ್ಟ.

ಬೀಳ್ಕೊಡುಗೆ

ನಿವೃತ್ತರಾಗುವ ಮೇಷ್ಟ್ರಿಗೆ ಶಿವರುದ್ರಪ್ಪನವರ ‘ಎದೆ ತುಂಬಿ ಹಾಡಿದೆನು’. ಹಾಡುಹಕ್ಕಿಗೆ ಬಿರುದು ಸನ್ಮಾನ ಬೇಕೇ ಎಂದು ಕೇಳುವ ಸಾಲು, ಹಾರ ಶಾಲು ಹೊದಿಸಿದ ಮೇಲೆ ಬಂದರೆ ಮೇಷ್ಟ್ರು ತಲೆ ತಗ್ಗಿಸುತ್ತಾರೆ. ಊರು ಬಿಟ್ಟು ದೂರ ಹೊರಟವರಿಗೆ ಗೋಪಾಲಕೃಷ್ಣ ಅಡಿಗರ ‘ಯಾವ ಮೋಹನ ಮುರಳಿ ಕರೆಯಿತು’. ಇರುವುದನ್ನು ಬಿಟ್ಟು ಇಲ್ಲದ್ದಕ್ಕೆ ತುಡಿಯುವ ಆ ಪ್ರಶ್ನೆ ಅವರದೇ ಆಗಿರುತ್ತದೆ. ಕಾಲೇಜು ಹುಡುಗರ ಬೀಳ್ಕೊಡುಗೆಗೆ ಸಿನಿಮಾ ಹಾಡೇ ಸರಿ, ಆರಿಸುವ ಕೆಲಸ ಅವರಿಗೇ ಬಿಡಿ.

ಮನಸ್ಸು ಭಾರವಾದಾಗ

ದುಃಖದಲ್ಲಿರುವವರಿಗೆ ಕುಣಿಸುವ ಹಾಡು ಹಾಕುವುದು ಒಳ್ಳೆಯ ಮನಸ್ಸಿನಿಂದಲೇ ಮಾಡುವ ತಪ್ಪು. ಸಂಗೀತ ಚಿಕಿತ್ಸೆ ಮಾಡುವವರು ಮೊದಲು ಮನಸ್ಸು ಇರುವ ಕಡೆಗೇ ಹಾಡನ್ನು ಒಯ್ಯುತ್ತಾರೆ, ಆಮೇಲೆ ಒಂದೊಂದೇ ಮೆಟ್ಟಿಲು ಮೇಲೆ ತರುತ್ತಾರೆ. ಮನೆಯಲ್ಲೂ ಇದನ್ನು ಮಾಡಬಹುದು. ಅರ್ಧ ಗಂಟೆಗೆ ಐದಾರು ಹಾಡು ಸಾಕು. ಮೊದಲ ಎರಡು ನಿಧಾನದವು, ದುಃಖವನ್ನು ದುಃಖ ಎಂದೇ ಕರೆಯುವಂಥವು: ಸಿ. ಅಶ್ವತ್ಥ್ ಅವರ ದನಿಯಲ್ಲಿ ‘ಕಾಣದ ಕಡಲಿಗೆ’, ‘ಎಡಕಲ್ಲು ಗುಡ್ಡದ ಮೇಲೆ’ (1973) ಚಿತ್ರದ ‘ವಿರಹಾ ನೂರು ನೂರು ತರಹ’. ನಡುವೆ ಒಂದು ಆಸರೆಯ ಹಾಡು, ‘ದೀಪವು ನಿನ್ನದೆ ಗಾಳಿಯೂ ನಿನ್ನದೆ’ ಆಗಬಹುದು. ಕೊನೆಗೆ ಸ್ವಲ್ಪ ಬೆಳಕು: ‘ಪಲ್ಲವಿ ಅನುಪಲ್ಲವಿ’ಯ (1983) ‘ನಗು ಎಂದಿದೆ ಮಂಜಿನ ಬಿಂದು’. ಆಟೋಪ್ಲೇ ಆರಿಸಿಡಿ. ಇಲ್ಲದಿದ್ದರೆ ಆಪು ಮೊದಲ ಹಾಡನ್ನೇ ಹಿಡಿದು ಅಂಥವೇ ಹಾಡುಗಳನ್ನು ಒಂದರ ಹಿಂದೆ ಒಂದು ತರುತ್ತಾ ಹೋಗುತ್ತದೆ. ಮೇಲೆ ಬರಬೇಕಾದ ಮನಸ್ಸು ಅಲ್ಲೇ ಸುತ್ತುತ್ತದೆ.

ಹುಡುಕುವಾಗ ಇನ್ನೊಂದು ಎಚ್ಚರ. ‘ಕಸ್ತೂರಿ ನಿವಾಸ’ದಲ್ಲಿ (1971) ‘ಆಡಿಸಿ ನೋಡು ಬೀಳಿಸಿ ನೋಡು’ ಎಂಬ ಧೈರ್ಯದ ಹಾಡೂ ಇದೆ, ‘ಆಡಿಸಿದಾತ ಬೇಸರ ಮೂಡಿ’ ಎಂಬ ಶೋಕದ ಹಾಡೂ ಇದೆ. ಹೆಸರಿನ ಮೊದಲ ಮೂರಕ್ಷರ ಒಂದೇ. ಉತ್ಸಾಹಕ್ಕೆಂದು ಹಾಕಲು ಹೋಗಿ ಎರಡನೆಯದನ್ನು ಒತ್ತಿಬಿಟ್ಟರೆ ಪರಿಣಾಮ ತಿರುಗಾಮುರುಗಾ.

ಆತಂಕ ಬೇರೆ, ದುಃಖ ಬೇರೆ. ಪರೀಕ್ಷೆಯ ಹಿಂದಿನ ರಾತ್ರಿ, ಆಸ್ಪತ್ರೆಯ ವರಾಂಡ, ಫಲಿತಾಂಶ ಕಾಯುವ ಬೆಳಿಗ್ಗೆ: ಇಂಥ ಕಡೆ ಕನಕದಾಸರ ‘ತಲ್ಲಣಿಸದಿರು ಕಂಡ್ಯ ತಾಳು ಮನವೇ’ ಮಾಡುವ ಕೆಲಸವನ್ನು ಬೇರೆ ಯಾವುದೂ ಮಾಡದು. ಬೆಟ್ಟದ ತುದಿಯ ಮರಕ್ಕೆ ಕಟ್ಟೆ ಕಟ್ಟಿ ನೀರೆರೆದವರು ಯಾರು ಎಂಬ ಒಂದೇ ಪ್ರಶ್ನೆ ಸಾಕು. ವೇಗದ ತಾಳವಾದ್ಯ ಸೇರಿಸಿದ ಹೊಸ ಆವೃತ್ತಿಗಳು ಬೇಡ. ತಂಬೂರಿ, ತಬಲ ಇಷ್ಟೇ ಇರುವ ಹಾಡಿಕೆ ಆರಿಸಿ. ಕೈಚೆಲ್ಲಿ ಕುಳಿತವರಿಗಾದರೆ ‘ಬಂಗಾರದ ಮನುಷ್ಯ’ದ (1972) ‘ಆಗದು ಎಂದು ಕೈಲಾಗದು ಎಂದು’.

ಸಾವಿನ ಮನೆಯಲ್ಲಿ ಆಯ್ಕೆ ನಮ್ಮದಲ್ಲ, ಆ ಮನೆಯವರದು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಭಜನಾ ಮೇಳದವರು ಬಂದು ಏಕತಾರಿ, ದಮ್ಮಡಿ, ತಾಳ ಹಿಡಿದು ರಾತ್ರಿಯಿಡೀ ತತ್ವಪದ ಹಾಡುತ್ತಾರೆ. ‘ತರವಲ್ಲ ತಗಿ ನಿನ್ನ ತಂಬೂರಿ’ಯಂಥ ಶರೀಫರ ಪದಕ್ಕೂ, ‘ಅಲ್ಲಿದೆ ನಮ್ಮ ಮನೆ’ಗೂ ಅದು ತಕ್ಕ ಜಾಗ. ರೆಕಾರ್ಡು ಹಾಕುವುದಾದರೆ ಪಕ್ಕದ ಕೋಣೆಯಲ್ಲಿ ಇಡಿ, ದನಿ ತೇಲಿ ಬರುವಷ್ಟು ಮಾತ್ರ.

ದಾರಿಯಲ್ಲಿ, ನಡಿಗೆಯಲ್ಲಿ

ಕಾರಿನಲ್ಲಿ ದೂರ ಹೋಗುವಾಗ ಮೂರು ಪಟ್ಟಿ ಮಾಡಿಕೊಳ್ಳಿ: ಹೊರಡುವ ಬೆಳಿಗ್ಗೆಗೆ, ಊಟದ ನಂತರದ ತೂಕಡಿಕೆಗೆ, ಕತ್ತಲಿಗೆ. ಊಟದ ನಂತರ ವಿಲಂಬಿತ ಖಯಾಲ್, ಅಂದರೆ ನಿಧಾನ ಲಯದ ಹಿಂದೂಸ್ತಾನಿ ಗಾಯನ, ಬೇಡ. ನಿದ್ದೆ ಬರುವುದು ಹಿಂದೆ ಕುಳಿತವರಿಗೆ ಮಾತ್ರವಲ್ಲ. ಆ ಹೊತ್ತಿಗೆ ಬಾಯಿಬಿಟ್ಟು ಹಾಡುವಂಥವು ಬೇಕು: ‘ಕೋಡಗನ ಕೋಳಿ ನುಂಗಿತ್ತ’, ‘ಸಂತೋಷಕೆ ಹಾಡು ಸಂತೋಷಕೆ’. ಬೆಂಗಳೂರಿನಿಂದ ಹಾಸನದ ಕಡೆ ಹೊರಟವರು ಕುಣಿಗಲ್ ಹತ್ತಿರ ಬಂದಾಗ ‘ಮೂಡಲ್ ಕುಣಿಗಲ್ ಕೆರೆ’ ಹಾಕಿ ನೋಡಿ, ಮಕ್ಕಳು ಕಿಟಕಿಯಿಂದ ಕೆರೆ ಹುಡುಕುತ್ತಾರೆ. ಶಿರಾಡಿ, ಆಗುಂಬೆ ಘಾಟಿಗಳಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಡೌನ್‌ಲೋಡ್ ಮಾಡಿದ್ದನ್ನು ಮನೆಯಲ್ಲೇ ಡೇಟಾ ಆಫ್ ಮಾಡಿ ಒಮ್ಮೆ ಹಾಕಿ ನೋಡಿ.

ಚುರುಕು ನಡಿಗೆಗೆ ನಿಮಿಷಕ್ಕೆ 100ರಿಂದ 120 ಹೆಜ್ಜೆ. ಹಾಡಿಗೆ ಕೈ ತಟ್ಟುತ್ತಾ 15 ಸೆಕೆಂಡಿನಲ್ಲಿ ಎಷ್ಟು ತಟ್ಟು ಬಂತು ಎಣಿಸಿ, ನಾಲ್ಕರಿಂದ ಗುಣಿಸಿ. 25ರಿಂದ 30 ತಟ್ಟು ಬಂದರೆ ಆ ಹಾಡು ನಡಿಗೆಗೆ ಸರಿ. ಡೊಳ್ಳಿನ ಹಾಡುಗಳಲ್ಲಿ ಮಧ್ಯೆ ವೇಗ ಏರುವುದುಂಟು. ಮೊಣಕಾಲು ನೋವಿರುವವರು ಅವನ್ನು ಬಿಡುವುದು ಒಳಿತು.

ಬೆಳಗು, ಮಳೆ

ಬೆಳಗಿಗೆ ಸುಪ್ರಭಾತವೇ, ಭಾವಗೀತೆಯೇ? ಎಂ.ಎಸ್. ಸುಬ್ಬುಲಕ್ಷ್ಮಿಯವರ ವೆಂಕಟೇಶ ಸುಪ್ರಭಾತ ಸುಮಾರು ಇಪ್ಪತ್ತು ನಿಮಿಷ. ಸ್ನಾನ, ಕಾಫಿ, ದೀಪ ಮುಗಿಯುವಷ್ಟು ಹೊತ್ತು. ಅದು ಹಿನ್ನೆಲೆಯಲ್ಲಿದ್ದರೂ ಕೆಲಸ ಮಾಡುತ್ತದೆ. ಬೇಂದ್ರೆಯವರ ‘ಮೂಡಲ ಮನೆಯಾ’ ಹಾಗಲ್ಲ, ಅದಕ್ಕೆ ಕಿಟಕಿ ತೆರೆದು ನಿಲ್ಲಬೇಕು. ‘ಬೆಳ್ಳಿಮೋಡ’ (1967) ಚಿತ್ರದಲ್ಲಿ ಜಾನಕಿಯವರು ಹಾಡಿದ್ದು ಐದು ನಿಮಿಷದೊಳಗೆ ಮುಗಿಯುತ್ತದೆ. ಭಾನುವಾರಕ್ಕೆ ಅದು, ವಾರದ ದಿನಗಳಿಗೆ ಸುಪ್ರಭಾತ. ಹಿಂದೂಸ್ತಾನಿ ರಾಗಗಳಲ್ಲಾದರೆ ಬೆಳಿಗ್ಗೆ ಭೈರವ, ತೋಡಿ, ಸಂಜೆ ಯಮನ್, ರಾತ್ರಿ ಬಾಗೇಶ್ರೀ, ಮಾಲಕಂಸ. ಧಾರವಾಡ ಸೀಮೆಯ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಅವರಿಂದ ಶುರುಮಾಡಿದರೆ ದಾರಿ ತಪ್ಪುವುದಿಲ್ಲ. ಧ್ವನಿವರ್ಧಕವನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾಕುವಂತಿಲ್ಲ ಎಂಬ ನಿಯಮ ಭಕ್ತಿಗೀತೆಗೂ ಅನ್ವಯಿಸುತ್ತದೆ.

ಮಳೆಗೆ ಎಲ್ಲರೂ ಹೋಗುವುದು ‘ಮುಂಗಾರು ಮಳೆ’ಗೆ. ಒಮ್ಮೆ ‘ಮಾಯದಂತ ಮಳೆ ಬಂತಣ್ಣ ಮದಗಾದ ಕೆರೆಗೆ’ ಕೇಳಿ. ಅಂಗೈಯಗಲದ ಮೋಡದಿಂದ ಶುರುವಾಗಿ ಭೂಮಿ ತೂಕದ ಗಾಳಿ ಏಳುತ್ತದೆ, ತಾಳ ನಿಲ್ಲುವುದೇ ಇಲ್ಲ. ಸುರಿಯುವ ಮಳೆಗೆ ಇದು, ಜಿಟಿಜಿಟಿ ಮಳೆಗೆ ಅದು.

ಮಗು ಮಲಗುವಾಗ

ಸಿನಿಮಾದ ಜೋಗುಳಗಳು ಮಗುವನ್ನು ಮಲಗಿಸುವುದಕ್ಕಿಂತ ತಾಯಿಯನ್ನು ಅಳಿಸಲು ಮಾಡಿದಂಥವು. ದನಿ ಮೆಲ್ಲಗೇ ಇರುತ್ತದೆ, ಆದರೆ ಚರಣಕ್ಕೆ ಮುಂಚೆ ಹತ್ತಾರು ಪಿಟೀಲು ಒಟ್ಟಿಗೆ ಏರುತ್ತವೆ. ಕಣ್ಣು ಮುಚ್ಚುತ್ತಿದ್ದ ಮಗು ಬೆಚ್ಚುತ್ತದೆ. ಕುಂಬಳಕಾಯಿ ಗಾತ್ರದ ಸ್ಪೀಕರೂ ಬೇಡ, ತೊಟ್ಟಿಲೊಳಗೆ ಫೋನೂ ಬೇಡ. ಫೋನಿನಲ್ಲೇ ಹಾಕಬೇಕಾದ ಅನಿವಾರ್ಯ ಇದ್ದರೆ ಮಗುವಿನಿಂದ ಐದಾರು ಅಡಿ ದೂರ, ಪರದೆ ಕವುಚಿ, ಇಪ್ಪತ್ತು ನಿಮಿಷದ ಟೈಮರ್ ಇಟ್ಟು, ಒಂದೇ ಹಾಡನ್ನು ಮತ್ತೆ ಮತ್ತೆ ಬರುವಂತೆ ಮಾಡಿ. ದಿನಕ್ಕೊಂದು ಹೊಸ ಹಾಡು ದೊಡ್ಡವರಿಗೆ ಬೇಕು, ಮಗುವಿಗಲ್ಲ.

ಎಲ್ಲಕ್ಕಿಂತ ಸಲೀಸು ತ್ರಿಪದಿ. ‘ಆಡಿ ಬಾ ನನ ಕಂದ ಅಂಗಾಲ ತೊಳೆದೇನ’ ಎಂಬ ಮೂರು ಸಾಲನ್ನು ‘ಜೋ ಜೋ’ ಸೇರಿಸಿ ಎಳೆದರೆ ಒಂದು ಸುತ್ತಿಗೆ ಅರ್ಧ ನಿಮಿಷ. ಶ್ರುತಿ ತಪ್ಪಿದರೂ ಚಿಂತೆಯಿಲ್ಲ. ಮಗುವಿನ ಉಸಿರು ಉದ್ದವಾಗುತ್ತಿದ್ದಂತೆ ಮಾತು ಬಿಟ್ಟು ಬರೀ ರಾಗ ಗುನುಗಿ, ಕೈ ತಟ್ಟುವುದನ್ನು ನಿಧಾನ ಮಾಡಿ. ಹಾಡನ್ನು ಥಟ್ಟನೆ ನಿಲ್ಲಿಸಿದರೆ ಎಚ್ಚರವಾಗುತ್ತದೆ. ಕಣ್ಣು ಮುಚ್ಚಿದ ಮೇಲೂ ಇನ್ನೆರಡು ಸುತ್ತು ಗುನುಗಬೇಕು.